ಬರೆ ಬೇಡ ಎಂದ ಸೊಸೆ

ದುಬಲಗುಂಡಿಯ ದೇವಿಂದ್ರಪ್ಪನಿಗೆ ದನಗಳೆಂದರೆ ಪ್ರಾಣ. ಕೂಲಿ ಮುಗಿಸಿ ಬಂದವನು ತಾನು ಚಹಾ ಕುಡಿಯುವ ಮೊದಲು ಆಕಳ ಮೈ ತಿಕ್ಕುತ್ತಿದ್ದ. ಆದರೆ ಊರಿನಲ್ಲಿ ಯಾರ ದನ ಕಾಯಿಲೆ ಬಿದ್ದರೂ ಕಾದ ಕುಡಗೋಲಿನಿಂದ ಬರೆ ಎಳೆಯುವವನೂ ಅವನೇ. ಅಪ್ಪನಿಂದ ಕಲಿತದ್ದು. ಬರೆ ಎಳೆದು ಬಂದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. "ಏನ್ ಮಾಡೋದು, ಅದರ ಜೀವ ಉಳೀಬೇಕಲ್ಲ" ಎನ್ನುತ್ತಿದ್ದ.

ಕಳೆದ ವರ್ಷ ಮನೆಯ ಮೇಕೆಗೇ ಬರೆ ಬಿತ್ತು. ಗಾಯ ಕೊಳೆತು, ಹುಳು ಬಿದ್ದು, ಒಂಬತ್ತನೆಯ ದಿನ ಅದು ಸತ್ತಿತು. "ಅದರ ಆಯುಷ್ಯ ಅಷ್ಟೇ ಇತ್ತು" ಎಂದು ಅವನ ಹೆಂಡತಿ ಗಿರಿಜಾಬಾಯಿ ಕಣ್ಣೊರೆಸಿಕೊಂಡಳು. ಸೊಸೆ ಸರಿತಾಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಹುಡುಗಿಯಾಗಿದ್ದಾಗ ಅವಳಿಗೆ ದನದ ಡಾಕ್ಟರಾಗುವ ಆಸೆಯಿತ್ತು. ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಇರಲಿಲ್ಲ, ಆರ್ಟ್ಸ್ ಓದಿದಳು. ಆಸೆ ಅಲ್ಲಿಗೇ ಮುಗಿಯಿತೆಂದು ಎಲ್ಲರೂ ಹೇಳಿದ್ದರು.

ಈಗಲೂ ಏನಾದರೂ ದಾರಿಯಿದೆಯೇ ಎಂದು ಅವಳು ಹುಮನಾಬಾದಿಗೆ ಹೋಗಿ ಪಶುವೈದ್ಯೆ ಕರೀಮಾ ಅವರನ್ನೇ ಕೇಳಿದಳು.

"ಸೈನ್ಸ್ ಇಲ್ದ ನನ್ನಂಗ ಡಾಕ್ಟರ್ ಆಗಾಕ ಬರಂಗಿಲ್ಲ, ಸುಳ್ಳ ಯಾಕ ಹೇಳಲಿ?" ಎಂದರು ಕರೀಮಾ. "ಆದ್ರ ಹತ್ತನೇ ಪಾಸಾದವ್ರಿಗೆ ಪಶುಸಂಗೋಪನಾ ಡಿಪ್ಲೊಮಾ ಅದ. ಮನಿ ಬಿಟ್ಟು ಇರಾಕ ಆಗಂಗಿಲ್ಲಂದ್ರ ಮಹಿಳಾ ಸಂಘದಾಗ ಹೆಸರು ಕೊಡು, ಪಶುಸಖಿ ತರಬೇತಿ ಕೊಡ್ತಾರ. ರೋಗ ಗುರುತಿಸೋದು, ಜಂತಿನ ಔಷಧ ಕುಡಿಸೋದು, ಮೊದಲ ಉಪಚಾರ ಕಲೀತಿ. ಅದಕ್ಕ ಮೀರಿದ್ದು ಬಂದ್ರ ನನಗ ಫೋನ್ ಮಾಡು."

ತರಬೇತಿ ಬಸವಕಲ್ಯಾಣದಲ್ಲಿತ್ತು. "ಸೊಸಿ ಮಂದಿ ಮನಿ ಕೊಟ್ಟಿಗಿ ತಿರಗಿದ್ರ ಜನಾ ಏನಂತಾರ?" ಎಂದು ಗಿರಿಜಾಬಾಯಿ ಮುಖ ತಿರುಗಿಸಿದಳು. ದೇವಿಂದ್ರಪ್ಪ ನಕ್ಕ. "ಹೋಗಿ ಬರಲಿ ಬಿಡು. ಪುಸ್ತಕದಾಗ ದನ ತಿಳೀತಾವೇನು?"

ಸರಿತಾ ತರಬೇತಿ ಮುಗಿಸಿ ಬಂದಳು. ಶ್ರಾವಣದಲ್ಲಿ ಮನೆಯ ಕರು ಸೋಯಾ ಹೊಲಕ್ಕೆ ನುಗ್ಗಿ ಹಸಿ ಬೆಳೆ ತಿಂದಿತು. ಹೊಟ್ಟೆ ಉಬ್ಬಿ ಉಸಿರಾಟ ಕಷ್ಟವಾಯಿತು. ದೇವಿಂದ್ರಪ್ಪ ಅಳುತ್ತಲೇ ಕುಡಗೋಲನ್ನು ಒಲೆಗಿಟ್ಟ. ಅದು ಕೆಂಪಾಗುವಷ್ಟರಲ್ಲಿ ಸರಿತಾ ಕರುವಿಗೆ ಅಡ್ಡ ನಿಂತಿದ್ದಳು.

"ಅತ್ತ ಸರಿ ಬೇ, ಕರುವಿನ ಜೀವ ಹೋಗಾಕತ್ತದ!"

"ಬಿಡಂಗಿಲ್ರಿ ಮಾಮಾ. ಗಾಳಿ ಒಳಗ ತುಂಬ್ಯಾದ. ಮ್ಯಾಲೆ ಚರ್ಮ ಸುಟ್ರ ಅದು ಹ್ಯಾಂಗ ಹೋಗ್ತದ?"

"ನಮ್ಮಪ್ಪ ಮಾಡಿದ್ದು ತಪ್ಪೇನು?"

"ಮುತ್ಯಾಗ ಹೇಳಿಕೊಡಾಕ ಯಾರೂ ಇರಲಿಲ್ಲ. ನಿಮಗ ನಾ ಇದ್ದೀನಲ್ರಿ. ಅದರ ತಲಿ ಹಿಡೀರಿ."

ದೇವಿಂದ್ರಪ್ಪ ಕುಡಗೋಲನ್ನು ಒಲೆಯಲ್ಲೇ ಬಿಟ್ಟು ಕರುವಿನ ತಲೆ ಹಿಡಿದ. ಸರಿತಾ ಕರೀಮಾರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಬಾಯಿಗೆ ಅಡ್ಡ ಕೋಲು ಕಟ್ಟಿ, ಮುಂಗಾಲು ಎತ್ತರದಲ್ಲಿ ನಿಲ್ಲಿಸಿ, ಹೊಟ್ಟೆ ತಿಕ್ಕಿದಳು. ಕರು ದೊಡ್ಡದಾಗಿ ತೇಗಿತು. ಗಿರಿಜಾಬಾಯಿ ಅಳುತ್ತಳುತ್ತಲೇ ನಕ್ಕಳು. ತಾಸಿನಲ್ಲಿ ಕರೀಮಾ ಬಂದು ಉಳಿದ ಚಿಕಿತ್ಸೆ ಮಾಡಿದರು.

ಕರುವಿನ ಪಕ್ಕ ಕೂತ ದೇವಿಂದ್ರಪ್ಪ ಮೆಲ್ಲಗೆ ಕೇಳಿದ: "ನಮ್ಮ ಮ್ಯಾಕಿನೂ ಉಳೀತಿತ್ತೇನವ್ವಾ?"

"ಉಳೀತಿತ್ತೇನೋ ಮಾಮಾ" ಎಂದಳು ಸರಿತಾ. ಸುಳ್ಳು ಸಮಾಧಾನ ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

ಮುಂದಿನ ವಾರ ನೆರೆಯ ಪಂಡರಿ ತನ್ನ ಎತ್ತಿಗೆ ಬರೆ ಹಾಕಿಸಲು ಬಂದ. "ನಾ ಬಿಟ್ಟೀನಿ" ಎಂದ ದೇವಿಂದ್ರಪ್ಪ, ಎತ್ತು ನೋಡಲು ಸೊಸೆಯನ್ನು ಕರೆದು ಅವಳ ಹಿಂದೆ ಹೊರಟ.

"ಏನಪಾ, ಸೊಸಿ ಹಿಂದ ಹೊಂಟಿಯೇನು?" ಎಂದು ಕೇಳಿದ ಪಂಡರಿ.

"ಹೌದಪಾ, ಹೊಂಟೀನಿ. ನೀನೂ ಬಾ."