ಚಿಮಣಿಯ ಮೇಲಿನ ಆಂಟೆನಾ

ಎದೆಯ ಚಿತ್ರವೊಂದು ಪರದೆಯ ಮೇಲೆ ಪಟ್ಟಿ ಪಟ್ಟಿಯಾಗಿ ಇಳಿದುಬರುತ್ತಿತ್ತು. ಮೊದಲು ಕೊರಳಿನ ಮೂಳೆ, ಆಮೇಲೆ ಒಂದೊಂದಾಗಿ ಪಕ್ಕೆಲುಬುಗಳು. ಗುಡ್ಡದ ಮೇಲಿನ ಸಣ್ಣ ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ ಅದು. ಊರಿನ ದೊಡ್ಡ ಆಸ್ಪತ್ರೆಯ ವೈದ್ಯೆ ನೋಡಿ ಹೇಳುವವರೆಗೆ ಅಲ್ಲಿನವರು ರೋಗಿಗೆ ಏನೂ ಮಾಡುವಂತಿರಲಿಲ್ಲ. ಚಿತ್ರ ಪೂರ್ತಿ ಬರಲು ನಲವತ್ತು ನಿಮಿಷ ಹಿಡಿಯುತ್ತಿತ್ತು.

ಆ ನಲವತ್ತನ್ನು ಕಡಿಮೆ ಮಾಡುವುದೇ ನನಗೆ ವಹಿಸಿದ ಕೆಲಸ. ನಿಸ್ತಂತು ಕಚೇರಿಗೆ ಎಂಜಿನಿಯರನಾಗಿ ಆಗಷ್ಟೇ ಸೇರಿದ್ದೆ. ಗುಡ್ಡಕ್ಕೂ ಊರಿಗೂ ನಡುವೆ ಮೂರು ನಿಸ್ತಂತು ಲಿಂಕ್‌ಗಳಿದ್ದವು: ಕೋಟೆಯ ಬುರುಜಿನ ಟವರಿನಿಂದ ಒಂದು, ನೀರಿನ ಟಾಕಿಯ ಮೇಲಿಂದ ಇನ್ನೊಂದು, ಮುಚ್ಚಿಹೋದ ನೂಲಿನ ಗಿರಣಿಯ ಚಿಮಣಿಯಿಂದ ಮೂರನೆಯದು. ಒಂದು ದುಡಿಯುವಾಗ ಉಳಿದೆರಡು ಸುಮ್ಮನಿರುತ್ತಿದ್ದವು. ಚಿತ್ರವನ್ನು ಚೂರು ಮಾಡಿ ಮೂರರಲ್ಲೂ ಒಟ್ಟಿಗೆ ಕಳಿಸಿ, ಈಚೆ ಬದಿಯಲ್ಲಿ ಮತ್ತೆ ಜೋಡಿಸಿದರೆ ಹೇಗೆ ಎಂಬುದು ನನ್ನ ಯೋಚನೆ. ಅದು ಒಳ್ಳೆಯ ಯೋಚನೆಯೇ ಆಗಿತ್ತು. ಅದರ ಬಗ್ಗೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಯಮನಪ್ಪನವರು ನಮ್ಮ ಟವರ್ ಮೆಕ್ಯಾನಿಕ್. ಇಪ್ಪತ್ತಾರು ವರ್ಷ ಆ ಮೂರನ್ನೂ ಹತ್ತಿ ಇಳಿದವರು.

"ಸಾಹೇಬ್ರ, ಮೂರಕ್ಕೂ ಸಮ ಹಂಚಬ್ಯಾಡ್ರಿ," ಎಂದರು ಅವರು. "ಚಿಮಣಿ ಮುಂಜಾನೆ ಚಲೋ ಇರತೈತಿ. ಬಿಸಲೇರಿ ಗಾಳಿ ಬಿಟ್ಟಿತಂದ್ರ ತುದಿ ತೂಗತೈತಿ. ಆಂಟೆನಾ ಎಷ್ಟ ಬಿಗಿ ಕಟ್ಟಿದ್ರೂ ಲಿಂಕ್ ಬಿದ್ದು ಬಿದ್ದು ಏಳತೈತಿ. ಮಧ್ಯಾಹ್ನ ಅದರ ಮ್ಯಾಲ ಭಾರ ಕಡಿಮಿ ಹಾಕ್ರಿ."

ಯಾವ ಲಿಂಕ್ ಯಾವ ಹೊತ್ತಿನಲ್ಲಿ ಎಷ್ಟು ತಾಳುತ್ತದೆಂದು ತಾವೇ ಬರೆದಿಟ್ಟಿದ್ದ ದಪ್ಪ ನೋಟ್‌ಬುಕ್ಕನ್ನು ನನ್ನ ಮುಂದೆ ಹಿಡಿದರು. ನಾನು ತೆರೆದು ಕೂಡ ನೋಡಲಿಲ್ಲ.

"ಲೆಕ್ಕ ಎಲ್ಲಾ ಮಾಡೀನಿ, ಯಮನಪ್ಪನವರ. ನೀವು ಆಂಟೆನಾ ನೋಡ್ಕೊಳ್ರಿ ಸಾಕು," ಎಂದೆ.

ಹೊಸ ಪದ್ಧತಿಯ ಪ್ರದರ್ಶನದ ದಿನ ಬೆಳಗ್ಗೆ ಆಂಟೆನಾ ಹೊಂದಿಸಲು ಅವರು ಚಿಮಣಿ ಹತ್ತಿದರು. ನಾನು ಕೆಳಗೆ ಸಿಗ್ನಲ್ ಅಳೆಯುವ ಮೀಟರ್ ಹಿಡಿದು ನಿಂತಿದ್ದೆ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. "ಸರಿ ಐತಿ, ಇಳೀರಿ," ಎಂದು ಕೂಗಿ ಹೇಳಿದವನು ನಾನೇ.

ಮಧ್ಯಾಹ್ನ ಮೂರಕ್ಕೆ ನಮ್ಮ ಕಚೇರಿಯ ಮುಖ್ಯಾಧಿಕಾರಿಗಳೂ ಆಸ್ಪತ್ರೆಯವರೂ ಪರದೆಯ ಮುಂದೆ ಕುಳಿತರು. ಕೊರಳಿನ ಮೂಳೆ, ಮೊದಲೆರಡು ಪಕ್ಕೆಲುಬುಗಳು ಸರಸರನೆ ಇಳಿದವು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಅಲ್ಲಿಗೆ ಚಿತ್ರ ನಿಂತಿತು. ಬುರುಜು, ಟಾಕಿ ಎರಡೂ ತಮ್ಮ ಪಾಲಿನ ಚೂರುಗಳನ್ನು ಮುಟ್ಟಿಸಿಯಾಗಿತ್ತು. ಚಿಮಣಿಯ ಚೂರುಗಳು ಬಾರದೆ ಜೋಡಣೆ ಮುಂದೆ ಹೋಗದು. ಐವತ್ತು ನಿಮಿಷವಾದರೂ ಎದೆಯ ಕೆಳಭಾಗ ಕಪ್ಪಾಗಿಯೇ ಇತ್ತು.

"ಮೂರು ಸೇರಿ ಒಂದರಷ್ಟೂ ಕೆಲಸ ಮಾಡ್ಲಿಲ್ಲಲ್ರಿ," ಎಂದು ಮುಖ್ಯಾಧಿಕಾರಿಗಳು ಎದ್ದರು. "ಇದು ಬ್ಯಾಡ. ಹಳೇ ಪದ್ಧತಿನೇ ಇರ್ಲಿ."

"ನನ್ನ ಲೆಕ್ಕ ಸರಿ ಐತಿ ಸರ್," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. "ಚಿಮಣಿ ಆಂಟೆನಾ ಸರಿಯಾಗಿ ಹೊಂದಿಸಿಲ್ಲ."

ಎಲ್ಲರೂ ಬಾಗಿಲ ಬಳಿ ನಿಂತಿದ್ದ ಯಮನಪ್ಪನವರ ಕಡೆ ತಿರುಗಿದರು. "ಹೌದೇನ್ರಿ?" ಎಂದರು ಮುಖ್ಯಾಧಿಕಾರಿಗಳು.

ಯಮನಪ್ಪನವರು ನನ್ನನ್ನು ನೋಡಿದರು. ಆಮೇಲೆ ಅರ್ಧಕ್ಕೇ ನಿಂತ ಆ ಎದೆಯ ಚಿತ್ರವನ್ನು ನೋಡಿದರು.

"ಹೌದ್ರಿ," ಎಂದರು. "ನನ್ನಿಂದ ತಪ್ಪಾಗೇತಿ."

ಮರುವಾರವೇ ಆದೇಶ ಬಂತು. ಕರ್ತವ್ಯದಲ್ಲಿ ನಿರ್ಲಕ್ಷ್ಯವೆಂದು ಕಾರಣ ಕೊಟ್ಟು ಅವರನ್ನು ಟವರ್ ಕೆಲಸದಿಂದ ಬಿಡಿಸಿ ಸ್ಟೋರಿಗೆ ಹಾಕಿದ್ದರು. ನನಗೆ ಇನ್ನೊಂದು ತಿಂಗಳ ಅವಕಾಶ ಸಿಕ್ಕಿತು.

ಮೂರು ದಿನ ತಡೆದು ಸ್ಟೋರಿಗೆ ಹೋದೆ. ಅವರು ನೆಲದ ಮೇಲೆ ಕುಳಿತು ತುಕ್ಕು ಹಿಡಿದ ಬೋಲ್ಟುಗಳನ್ನು ಬೇರೆ ಮಾಡುತ್ತಿದ್ದರು.

"ಯಾಕ್ ಒಪ್ಕೊಂಡ್ರಿ?" ಎಂದು ಕೇಳಿದೆ.

"ಯೋಚನಿ ತಪ್ಪಂದಿದ್ರ ಅವತ್ತ ಮುಚ್ಚಿಬಿಡ್ತಿದ್ರು, ಸಾಹೇಬ್ರ. ಮನಶ್ಯಾ ತಪ್ಪಂದ್ರ ಬರೇ ಮನಶ್ಯಾನ್ನ ಬದಲಿ ಮಾಡ್ತಾರ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. "ಗುಡ್ಡದ ಮ್ಯಾಲಿನ ಮಂದಿಗೆ ಚಿತ್ರ ಲಗೂ ಮುಟ್ಟಬೇಕಲ್ರಿ. ತಗೋರಿ, ಈಗರ ಇದನ್ನ ಓದ್ರಿ."

ಅದೇ ನೋಟ್‌ಬುಕ್ಕು. ಈ ಸಲ ಎರಡೂ ಕೈಯಲ್ಲಿ ತೆಗೆದುಕೊಂಡೆ. "ಕೆಲಸ ಆದಕೂಡ್ಲೇ ನಿಜ ಏನಂತ ಬರದು ಕೊಡ್ತೀನಿ," ಎಂದೆ. ಅವರು "ಆಗ್ಲಿ ಬಿಡ್ರಿ" ಎಂದು ಬೋಲ್ಟುಗಳ ಕಡೆ ತಿರುಗಿದರು.

ಆ ಪುಟಗಳಲ್ಲಿದ್ದಂತೆ ಹೊತ್ತು ಹೊತ್ತಿಗೆ ಆಯಾ ಲಿಂಕ್ ತಾಳುವಷ್ಟನ್ನೇ ಅದರ ಪಾಲಿಗೆ ಹಾಕಿದೆ. ಚಿಮಣಿ ತೂಗುವ ಹೊತ್ತಿನಲ್ಲಿ ಅದಕ್ಕೆ ಹತ್ತರಲ್ಲಿ ಒಂದು ಚೂರು ಮಾತ್ರ. ಎದೆಯ ಚಿತ್ರ ಕೊರಳಿಂದ ಹೊಟ್ಟೆಯವರೆಗೆ ಎಲ್ಲೂ ನಿಲ್ಲದೆ ಇಳಿದು ಹದಿನೆಂಟು ನಿಮಿಷದಲ್ಲಿ ಪೂರ್ತಿಯಾಯಿತು. ಆ ವಾರವೇ ಗುಡ್ಡದ ಮೇಲಿನ ಒಬ್ಬ ಬಾಣಂತಿಯ ಶ್ವಾಸಕೋಶದಲ್ಲಿ ನೀರು ತುಂಬಿದ್ದು ಹೊತ್ತಿಗೆ ಸರಿಯಾಗಿ ತಿಳಿದು, ಅವಳು ಉಳಿದಳು. ನನಗೆ ಪ್ರಶಂಸಾಪತ್ರ ಬಂತು.

ಬರೆದು ಕೊಡುತ್ತೇನೆಂದದ್ದನ್ನು ನಾನು ಬರೆದುಕೊಡಲಿಲ್ಲ. ಕೆಲಸ ಕಾಯಂ ಆಗಲಿ ಎಂದುಕೊಂಡೆ. ಆದ ಮೇಲೆ ಬಡ್ತಿಯ ಪಟ್ಟಿ ಹೊರಡಲಿ ಎಂದುಕೊಂಡೆ. ಎರಡು ವರ್ಷ ಕಳೆಯಿತು. ಕಚೇರಿಯ ಓಣಿಯಂಥ ಪಡಸಾಲೆಯಲ್ಲಿ ಅವರು ಎದುರಿಗೆ ಬರುವುದು ಕಂಡರೆ ಹಿಂದಿನ ಮೆಟ್ಟಿಲು ಹಿಡಿಯುತ್ತಿದ್ದೆ.

ಅವರ ನಿವೃತ್ತಿಯ ಬೀಳ್ಕೊಡುಗೆಗೆ ಹೆಂಡತಿ ನೀಲವ್ವ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಮುಖ್ಯಾಧಿಕಾರಿಗಳು ಪ್ರೀತಿಯಿಂದಲೇ ಮಾತಾಡಿದರು. "ಆ ಒಂದು ತಪ್ಪು ಬಿಟ್ರ, ಯಮನಪ್ಪನವರದು ಚೊಕ್ಕ ಸೇವೆ," ಎಂದರು. ಆ ಮಾತಿಗೆ ನೀಲವ್ವ ತಲೆ ತಗ್ಗಿಸಿದ್ದನ್ನು ಕಂಡೆ. ಮುಂದಿನ ಸರದಿ ನನ್ನದು.

ಎದ್ದು ನಿಂತು ಎಲ್ಲವನ್ನೂ ಹೇಳಿದೆ: ಬೆಳಗ್ಗೆ ಮೀಟರಿನ ಮುಳ್ಳು ಸರಿಯಾಗಿ ನಿಂತದ್ದು, ತೆರೆಯದ ನೋಟ್‌ಬುಕ್ಕು, ಮಧ್ಯಾಹ್ನದ ನನ್ನ ಸುಳ್ಳು. ಇದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ಅಷ್ಟರಲ್ಲಿ ನನ್ನ ಕುರ್ಚಿಯನ್ನು ಯಾರೂ ಅಲುಗಿಸುವಂತಿರಲಿಲ್ಲ, ಅದು ನನಗೆ ಗೊತ್ತಿತ್ತು. ಮುಖ್ಯಾಧಿಕಾರಿಗಳು ಮೇಜಿನ ಮೇಲಿನ ಹಾರವನ್ನು ನೋಡುತ್ತ ಕುಳಿತರು. ಯಾರೂ ನನ್ನನ್ನು ಬೈಯಲಿಲ್ಲ.

ನೀಲವ್ವ ನನ್ನ ಕಡೆ ನೋಡಲೇ ಇಲ್ಲ. ಗಂಡನ ಕಡೆ ತಿರುಗಿ, "ನನಗರ ಹೇಳಬಾರದಿತ್ತೇನ್ರಿ?" ಎಂದರು. "ಕಣ್ಣು ಮಂಜಾಗ್ಯಾವು, ಕೈ ನಡಗತಾವು ಅಂತ ಎರಡು ವರ್ಷ ನಾನೂ ಅಂದೆನಲ್ಲ ನಿಮಗ."

ನೀಲವ್ವ ಯಮನಪ್ಪನವರ ಬಲಗೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಮಡಿಚಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಬಹಳ ಹೊತ್ತು ನೋಡುತ್ತ ಕುಳಿತರು.