ಗಾಜಿನ ಮೇಲಿನ ಅವ್ವ

"ಮೆಲ್ಲೆ ಹೋಗು ಬೆಳ್ಯಪ್ಪ, ಮೆಲ್ಲೆ."

ಐವರ್ನಾಡಿನ ಗುಡ್ಡ ಇಳಿಯುವಷ್ಟರಲ್ಲೇ ಕಮಲಾವತಿ ಈ ಮಾತನ್ನು ಎಷ್ಟು ಸಲ ಹೇಳಿದಳೋ. ಜೀಪಿನ ಮುಂದಿನ ಸೀಟಿನಲ್ಲಿ ಅವಳು ಹೆರಿಗೆಗೆ ಹೊರಟ ಹುಡುಗಿಯ ಹಾಗೆ ಮೈಯೆಲ್ಲ ಬಿಗಿಹಿಡಿದು ಕೂತಿದ್ದಳು. ಮಡಿಲಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಗಾಜಿನ ಹಲಗೆ. ಶಾಲೆಯ ಸ್ಲೇಟಿಗಿಂತ ಸ್ವಲ್ಪ ಸಣ್ಣದು.

"ಇನ್ನೆಷ್ಟ್ ಮೆಲ್ಲೆ ಅಕ್ಕ? ಇದ್ಕಿಂತ ನಡ್ಕಂಡ್ ಹೋದರೆ ಬೇಗ ಮುಟ್ಟುದು," ಎಂದ ಬೆಳ್ಯಪ್ಪ. ಅವನು ಅವಳ ಚಿಕ್ಕಪ್ಪನ ಮಗ. ಹಾಗೆ ಹೇಳಿದರೂ ಗೇರ್ ಇಳಿಸಿದ, ಒಂದು ಗುಂಡಿಯನ್ನು ತಪ್ಪಿಸಲು ಜೀಪನ್ನು ಅರ್ಧ ಚರಂಡಿಗೇ ಇಳಿಸಿದ. ತಂಗಿಯ ಮದುವೆಯ ದಿಬ್ಬಣಕ್ಕೂ ಅವನು ಇಷ್ಟು ಜಾಗ್ರತೆಯಲ್ಲಿ ಗಾಡಿ ಬಿಟ್ಟವನಲ್ಲ.

ಹಲಗೆ ಸಿಕ್ಕಿದ್ದು ಆ ದಿನ ಬೆಳಿಗ್ಗೆ. ರಬ್ಬರ್ ಗಿಡ ಇಡಲೆಂದು ಬೆಳ್ಯಪ್ಪ ತೋಡಿನ ಬದಿಯ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ತಟ್ಟು ಮಾಡಿಸುತ್ತಿದ್ದ. ಜೆಸಿಬಿ ಓಡಿಸುವ ಶಾಫಿ ಪೊದೆ ಎಳೆದಾಗ ಒಳಗೆ ಕಲ್ಲಿನ ಗೋಡೆ ಕಂಡಿತು, ಗೋಡೆಯ ಹಿಂದೆ ಕಿಟಕಿಯೇ ಇಲ್ಲದ ಒಂದು ಕೋಣೆ. ಊರಿನ ಹುಡುಗರಿಗೆ ಅದು ನಿಧಿಯ ಕೋಣೆ ಎಂದೇ ಅನಿಸಿತು. ಅಲ್ಲಿ ಇದ್ದದ್ದು ಗೆದ್ದಲು ತಿಂದ ಮರದ ಪೆಟ್ಟಿಗೆಗಳು, ಒಡೆದ ಗಾಜು, ಮತ್ತೆ ಗಾಜು.

ಬೆಳ್ಯಪ್ಪನಿಗೆ ಆಗ ನೆನಪಾಯಿತು. ಫಿಲಂ ರೀಲು ಬರುವುದಕ್ಕೂ ಮೊದಲು ಪಟ ತೆಗೆಯುತ್ತಿದ್ದದ್ದು ಗಾಜಿನ ಮೇಲೆ. ಅಜ್ಜಂದಿರ ಕಾಲದಲ್ಲಿ ಮದರಾಸಿನಿಂದ ಬಂದ ಒಬ್ಬ ಸಾಹೇಬ ಅಂಥ ಗಾಜು ತಯಾರಿಸುವ ಕಾರ್ಖಾನೆಯನ್ನು ಈ ತೋಡಿನ ತಣ್ಣೀರು ನೋಡಿಯೇ ಇಲ್ಲಿ ಇಟ್ಟಿದ್ದನಂತೆ. ತಣ್ಣೀರೇ ಯಾಕೆ ಬೇಕಿತ್ತು ಎಂದು ಯಾರೂ ಕೇಳಿರಲಿಲ್ಲ. ಪಟ ಮೂಡಲೆಂದು ಗಾಜಿಗೆ ಎಂಥದೋ ಅಂಟು ಬಳಿದು ಕತ್ತಲೆಯಲ್ಲಿ ಒಣಗಿಸುವ ಕೆಲಸ ಸುತ್ತಲಿನ ಹೆಂಗಸರದ್ದು. ರೀಲು ಬಂದ ಮೇಲೆ ಸಾಹೇಬನ ಮಕ್ಕಳು ಬಾಗಿಲು ಹಾಕಿ ಹೋದರು. ಹಂಚು ಯಾರ್ಯಾರದೋ ಕೊಟ್ಟಿಗೆ ಸೇರಿತು, ಉಳಿದದ್ದನ್ನು ಕಾಡು ನುಂಗಿತು. ಊರು ಆ ಕಾರ್ಖಾನೆಯನ್ನು ಮರೆತೇಬಿಟ್ಟಿತ್ತು.

ಮರೆಯದೆ ಉಳಿದವಳು ಕಮಲಾವತಿ ಒಬ್ಬಳೇ. ಅವಳ ಅವ್ವ ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಮಗಳಿಗೆ ನಡೆಯಲು ಬರುವ ಮೊದಲೇ ಜ್ವರ ಬಂದು ತೀರಿಹೋದಳು. ಅವ್ವನ ಒಂದು ಪಟವೂ ಮನೆಯಲ್ಲಿರಲಿಲ್ಲ. "ನಾನು ಅವ್ವನ ಹಾಗೆ ಇದ್ದೇನಾ?" ಎಂದು ಸಣ್ಣವಳಿದ್ದಾಗ ಕೇಳಿದರೆ ಒಬ್ಬರು ಹೌದೆನ್ನುತ್ತಿದ್ದರು, ಇನ್ನೊಬ್ಬರು ಅಪ್ಪನ ಮೂಗೆನ್ನುತ್ತಿದ್ದರು. ಸೋದರತ್ತೆ ಮಾತ್ರ ಒಂದು ಕತೆ ಹೇಳುತ್ತಿದ್ದಳು. ತಯಾರಾದ ಗಾಜು ಸರಿಯಿದೆಯೋ ಎಂದು ನೋಡಲು ಸಾಹೇಬ ಕೆಲಸದ ಹೆಂಗಸರನ್ನೇ ಕುರ್ಚಿಯಲ್ಲಿ ಕೂರಿಸಿ ಪಟ ತೆಗೆಯುತ್ತಿದ್ದನಂತೆ. "ನಿನ್ನವ್ವ ನಿನ್ನನ್ನು ಮಡಿಲಲ್ಲಿಟ್ಟುಕೊಂಡೇ ಕೂತಳು. ನೀನು ತಲೆ ಅಲ್ಲಾಡಿಸಿ ನಿನ್ನ ಮುಖ ಹೊಗೆಯಾಗಿ ಹೋಯಿತು. ಒಂದು ಗಾಜು ಹಾಳಾಯಿತೆಂದು ಸಾಹೇಬ ಬೈದನಂತೆ." ಮದುವೆಯಾಗಿ ಮಂಡೆಕೋಲಿಗೆ ಬಂದು, ಮಕ್ಕಳಾಗಿ, ಮೊಮ್ಮಕ್ಕಳಾದರೂ ಎಲ್ಲೋ ಒಂದು ಗಾಜಿನ ಮೇಲೆ ಅವ್ವ ಕೂತಿದ್ದಾಳೆ ಎಂಬ ನಂಬಿಕೆ ಅವಳನ್ನು ಬಿಡಲಿಲ್ಲ.

ಬೆಳ್ಯಪ್ಪನ ಫೋನು ಬಂದದ್ದೇ ತಡ, ಅವಳು ಒಲೆಯ ಮೇಲಿನ ಅನ್ನವನ್ನೂ ನೋಡದೆ ಹೊರಟಿದ್ದಳು. ಪೆಟ್ಟಿಗೆಯಲ್ಲಿ ಒಡೆಯದೆ ಉಳಿದ ಗಾಜುಗಳೇ ಕೆಲವು. ಒಂದೊಂದನ್ನೇ ಆಕಾಶಕ್ಕೆ ಹಿಡಿದರು. ನೆಗೆಟಿವಿನಲ್ಲಿ ಕಾಣುವ ಹಾಗೆ ಕಪ್ಪು ಮುಖ, ಬಿಳಿ ಕೂದಲು, ಬಿಳಿ ಕಣ್ಣಪಾಪೆಗಳ ಹೆಂಗಸರು. "ಎಂತ ಮಾರಾಯ್ರೆ ಇದು, ಭೂತದ ಹಾಗೆ," ಎಂದು ಶಾಫಿ ಎರಡು ಹೆಜ್ಜೆ ಹಿಂದೆ ಸರಿದ. ಕೊನೆಗೆ ಒಂದರಲ್ಲಿ ಮಡಿಲು ಕಂಡಿತು. ಮಡಿಲಲ್ಲಿ ಮಗು. ಮಗುವಿನ ತಲೆಯಿರಬೇಕಾದಲ್ಲಿ ಒಂದು ಮುಷ್ಟಿ ಹೊಗೆ.

ಕಮಲಾವತಿ ಆ ಗಾಜನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಅವ್ವನ ಬಳೆಯ ಕೈ ಮಗುವಿನ ಹೊಟ್ಟೆಯ ಮೇಲಿತ್ತು. ಸೆರಗು ಇತ್ತು, ಕತ್ತಿನ ಕರಿಮಣಿ ಇತ್ತು. ಕತ್ತಿನಿಂದ ಮೇಲೆ ಗೆದ್ದಲು ಮಣ್ಣು ದೋಸೆಯ ಹಾಗೆ ಅಂಟಿಕೊಂಡಿತ್ತು.

ಶಾಫಿ ತನ್ನ ಫೋನಿನಲ್ಲಿ ಚಿತ್ರ ಹಿಡಿದು ಏನೋ ಒತ್ತಿದ. ಕಪ್ಪು ಬಿಳಿಯಾಯಿತು, ಬಿಳಿ ಕಪ್ಪಾಯಿತು. ಕೈ ನಿಜವಾದ ಕೈಯಾಯಿತು. ಮುಖದ ಜಾಗದಲ್ಲಿ ಮಾತ್ರ ಒಂದು ಬಿಳಿ ತೇಪೆ. "ಅಡಿಯಲ್ಲಿ ಮುಖ ಉಂಟು ಅಮ್ಮ. ಮಣ್ಣು ಹೋದ್ರೆ ಆಯ್ತು," ಎಂದು ಉಗುರು ಹಾಕಲು ಹೋದ.

"ಏಯ್, ಕೆರೆಯಬೇಡ! ಗೀರು ಬೀಳ್ತದೆ," ಎಂದು ಬೆಳ್ಯಪ್ಪ ತಡೆದ. "ಮನೆಗೆ ಕೊಂಡೋಗಿ ಮೆಲ್ಲೆ ನೆನೆಸು ಅಕ್ಕ. ತನ್ನಷ್ಟಕ್ಕೆ ಬಿಡುದು."

ಅದು ಸರಿಯೆಂದು ಎಲ್ಲರಿಗೂ ತೋರಿತು. ಗಾಜಿಗೆ ಇರುವ ಭಯ ಎರಡೇ, ಒಡೆಯುವುದು ಮತ್ತು ಗೀರು ಬೀಳುವುದು. ಅಲ್ಲಿದ್ದವರಿಗೆ ಮೂರನೆಯದೊಂದು ಗೊತ್ತಿರಲಿಲ್ಲ.

ಸೋಣಂಗೇರಿ, ಜಾಲ್ಸೂರು ದಾಟಿ ಅಂತೂ ಜೀಪು ಮಂಡೆಕೋಲು ಮುಟ್ಟಿತು. ಬೆಳ್ಯಪ್ಪ ಅವಳನ್ನು ಅಂಗಳದಲ್ಲಿ ಇಳಿಸಿ, ಜೆಸಿಬಿ ಕಾಯುತ್ತಿದೆಯೆಂದು ಹಾಗೆಯೇ ತಿರುಗಿಸಿದ. ಸೊಸೆ ನವ್ಯಾ ಓಡಿಬಂದಳು. ಅವಳು ಪುತ್ತೂರಿನ ಹುಡುಗಿ, ಯಾವುದಕ್ಕೂ ಸ್ವಲ್ಪ ಯೋಚಿಸುವವಳು.

"ನಾಳೆ ಸುಳ್ಯದ ಸ್ಟುಡಿಯೋದವರಿಗೆ ತೋರಿಸುವನಾ ಅತ್ತೆ? ಇವತ್ತು ಆದಿತ್ಯವಾರ, ಬಾಗಿಲು ತೆಗೆದಿರುದಿಲ್ಲ."

"ನಾಳೆಯಾ? ಇಷ್ಟ್ ವರ್ಷ ಕಾದದ್ ಸಾಕಾತಿಲ್ಲೆಯಾ?"

ನವ್ಯಾ ಒಳಗೆ ಹೋದಳು. ಅಗಲದ ಬೋಗುಣಿಯಲ್ಲಿ ತೊಟ್ಟಿಯ ನೀರು ತುಂಬಿ ತಂದಳು. ಕಮಲಾವತಿ ಅದಕ್ಕೆ ಕೈ ಅದ್ದಿದವಳೇ ಮುಖ ಕಿವುಚಿದಳು.

"ತಣ್ಣೀರ್ ಬೇಡ. ಇಷ್ಟ್ ಕಾಲ ಮಣ್ಣ್‌ಲಿ ಚಳಿಲಿ ಇದ್ದ ಜೀವ. ಮನೆಗೆ ಬಂದವ್ಕೆ ತಣ್ಣೀರ್ ಹೊಯ್ಯೊಕಾ? ಹಂಡೆಯ ನೀರ್ ತಾ."

ಆ ಮನೆಯಲ್ಲಿ ಬಚ್ಚಲ ಹಂಡೆಯ ಬೆಂಕಿ ಆರಿದ್ದೇ ಇಲ್ಲ. ದೂರದಿಂದ ಯಾರೇ ಬರಲಿ, ಕಾಫಿಗೂ ಮೊದಲು ಸ್ನಾನಕ್ಕೆ ಬಿಸಿನೀರು ಕೊಡುವುದು ಅವಳ ಕ್ರಮ. ನವ್ಯಾ ತಣ್ಣೀರು ಚೆಲ್ಲಿ ಹಂಡೆಯಿಂದ ತೋಡಿದಳು. ಹಸಿಗೂಸಿನ ಸ್ನಾನದ ನೀರನ್ನು ನೋಡುವ ಹಾಗೆ ಕಮಲಾವತಿ ಮೊಣಕೈ ಮುಟ್ಟಿಸಿ ಹದ ನೋಡಿದಳು. ಮೊಮ್ಮಕ್ಕಳನ್ನೆಲ್ಲ ಮೀಯಿಸಿದ ಕೈ ಅದು. ಹದ ಸರಿಯಾಗಿತ್ತು.

ಗಾಜು ನೀರಿನಲ್ಲಿ ಮುಳುಗಿತು. ಅವಳು ಅಂಗೈಯಿಂದ, ಬರೀ ಅಂಗೈಯಿಂದ, ಮಣ್ಣಿನ ಮೇಲೆ ನೀರು ಸವರುತ್ತ ಕೂತಳು. ಸ್ವಲ್ಪ ಹೊತ್ತಿಗೆ ಮಣ್ಣು ಮೆತ್ತಗಾಗಿ ಕೆಂಪು ನೀರಾಗಿ ಹರಿಯತೊಡಗಿತು. ಮೊದಲು ಗಲ್ಲ ಬಂತು, ಆಮೇಲೆ ತುಟಿ. ಅವಳು ಇನ್ನಷ್ಟು ಬಗ್ಗಿದಳು. ಮೂಗು ಬಂತು. ಕಣ್ಣು ಬಂತು.

"ನವ್ಯಾ, ಬಾ, ನೋಡು! ಅವ್ವ!"

ನವ್ಯಾ ಬಗ್ಗುವಷ್ಟರಲ್ಲಿ ಮುಖ ಒಮ್ಮೆ ಅಲುಗಿತು. ನೀರು ತುಳುಕಿದ್ದೆಂದುಕೊಂಡು ಕಮಲಾವತಿ ಕೈ ಹಿಂದಕ್ಕೆ ತೆಗೆದಳು. ನೀರು ನಿಂತರೂ ಮುಖ ನಿಲ್ಲಲಿಲ್ಲ. ಗಾಜಿನ ಅಂಚಿನಿಂದ, ಬಿಸಿನೀರಿಗೆ ಸಡಿಲವಾದ ಆ ಹಳೆಯ ಅಂಟು ಹಾಲಿನ ಕೆನೆಯ ಹಾಗೆ ಎದ್ದು ಸುರುಳಿಯಾಯಿತು. ಮಗು ಹೋಯಿತು, ಬಳೆಯ ಕೈ ಜಾರಿತು. ಅವ್ವ ಗಾಜಿನಿಂದ ಪೂರ್ತಿ ಬಿಡಿಸಿಕೊಂಡು ನೀರಿನಲ್ಲಿ ತೇಲಿದಳು.

"ಅತ್ತೆ, ಅದು ಕರಗ್ತಾ ಉಂಟು! ತಣ್ಣೀರು ತರ್ತೇನೆ," ಎಂದು ನವ್ಯಾ ತೊಟ್ಟಿಯ ಕಡೆಗೆ ಓಡಿದಳು.

ಕಮಲಾವತಿ ಎರಡೂ ಕೈಯನ್ನು ಅಡಿಯಿಂದ ಕೊಟ್ಟು ಆ ತೆಳ್ಳಗಿನ ಪೊರೆಯನ್ನು ಅಂಗೈಯ ಮೇಲೆ ಹಿಡಿದಳು. ಅದು ಬೆರಳಿಗೆ ಅಂಟಿತು. ಬೆರಳು ಆಡಿಸಿದಲ್ಲಿ ಹರಿಯಿತು. ಎತ್ತಿದರೆ ಮುದುಡುತ್ತದೆ, ಬಿಟ್ಟರೆ ಕರಗುತ್ತದೆ. ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೈಯನ್ನು ಇದ್ದ ಹಾಗೆ ಇಟ್ಟು ಕೂತಳು.

ನವ್ಯಾ ಚೆಂಬು ಹಿಡಿದು ಬಂದು ನೋಡಿದಳು. ನೀರು ಬರೀ ಬೂದಿ ಬಣ್ಣವಾಗಿತ್ತು. ಅಡಿಯಲ್ಲಿ ಗಾಜು ಈಗಷ್ಟೇ ಅಂಗಡಿಯಿಂದ ತಂದಷ್ಟು ಸ್ವಚ್ಛವಾಗಿತ್ತು. ಅವಳು ಚೆಂಬನ್ನು ಕೆಳಗಿಟ್ಟು ಅತ್ತೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಅತ್ತೆಯ ಕಡೆಗೆ ತಿರುಗಿ ಕೇಳಿದಳು.

"ಮುಖ ಕಂಡಿತಲ್ಲ ಅತ್ತೆ ನಿಮಗೆ?"

"ಕಂಡೆ."

"ಹೇಗಿದ್ರು?"

ಕಮಲಾವತಿ ನೆನಪು ಮಾಡಿಕೊಂಡಳು. ಅವಳು ಕಂಡಿದ್ದದ್ದು ಕಪ್ಪು ಗಲ್ಲ, ಬಿಳಿ ತುಟಿ, ಬಿಳಿ ಕಣ್ಣಪಾಪೆ, ಮುದುಕಿಯ ಹಾಗೆ ಬೆಳ್ಳಗಿನ ಕೂದಲು. ಕಣ್ಣು ಮುಚ್ಚಿ ಅದರ ಕಪ್ಪನ್ನು ಬಿಳಿಗೆ, ಬಿಳಿಯನ್ನು ಕಪ್ಪಿಗೆ ತಿರುಗಿಸಲು ನೋಡಿದಳು. ಶಾಫಿಯ ಫೋನಿನಲ್ಲಿ ಆದಂತೆ ಅದು ತಿರುಗಲಿಲ್ಲ. ಮತ್ತೆ ಪ್ರಯತ್ನಪಟ್ಟಳು.

"ಅತ್ತೆ, ಕೈ ತೆಗೀರಿ. ನೀರು ತಣಿದಿದೆ."

ಅವಳು ತೆಗೆಯಲಿಲ್ಲ. ಬೋಗುಣಿಯ ಬೂದಿ ನೀರಿನಲ್ಲಿ ಅವಳ ಎರಡು ಅಂಗೈಗಳು ಮೇಲ್ಮುಖವಾಗಿ, ಒಂದಕ್ಕೊಂದು ತಾಗಿಕೊಂಡು, ಅಲುಗದೆ ಇದ್ದವು.