ಒಬ್ಬರು ಇಳಿದ ಮೇಲೆ ಇನ್ನೊಬ್ಬರು

ನಮ್ಮ ಮನೆಯಲ್ಲಿ ಎಲ್ಲವೂ ಪಾಲಾಗಿದೆ. ಕೆಳಗೊಂದು ಒಲೆ, ಮೇಲೊಂದು ಒಲೆ. ಕೆಳಗೊಂದು ಕಸದ ಬುಟ್ಟಿ, ಮೇಲೊಂದು. ಬಾಗಿಲ ಬಳಿಯ ಕಾಲೊರಸು ಕೂಡ ಎರಡು; ಅವರದರ ಮೇಲೆ ನಾವು, ನಮ್ಮದರ ಮೇಲೆ ಅವರು ಅಪ್ಪಿತಪ್ಪಿಯೂ ಕಾಲಿಡುವುದಿಲ್ಲ. ಕೆಳಗಿರುವವಳು ನನ್ನ ವಾರಗಿತ್ತಿ, ಮೈದುನನ ಹೆಂಡತಿ. ನಮ್ಮಿಬ್ಬರಿಗೆ ಮಾತು ನಿಂತು ಬಹಳ ಕಾಲವಾಯಿತು. ಮೊದಲು ಬಾಯಿ ತುಂಬ ಅಕ್ಕ ಎನ್ನುತ್ತಿದ್ದವಳು ಈಗ ನನ್ನ ಸುದ್ದಿ ಎತ್ತಬೇಕಾಗಿ ಬಂದರೆ "ಮೇಲ್ಗಡೆಯವರು" ಅನ್ನುತ್ತಾಳೆ. ನಾನು ಅವಳನ್ನು ಏನೆನ್ನುತ್ತೇನೆ ಎಂಬುದು ಬರೆಯುವಂಥದ್ದಲ್ಲ.

ಪಾಲಾಗದೆ ಉಳಿದದ್ದು ಎರಡೇ. ಒಂದು, ನಮ್ಮ ಅತ್ತೆ. ಇನ್ನೊಂದು, ಅತ್ತೆಯ ಕೋಣೆಯ ಕಪಾಟಿನಲ್ಲಿ ಗುಂಯ್ ಎನ್ನುತ್ತ ಕೂತಿರುವ ಕಪ್ಪು ಡಬ್ಬಿ.

ಮನೆ ಒಂದಾಗಿದ್ದಾಗ ಮೈದುನ ತಂದಿಟ್ಟ ಡಬ್ಬಿ ಅದು. ಅವನು ಲಿಫ್ಟ್ ರಿಪೇರಿ ಮಾಡುವವನು, ತಂತಿ ಕಂಡರೆ ಸುಮ್ಮನಿರುವ ಜೀವವಲ್ಲ. ನನ್ನ ಕಂಪ್ಯೂಟರೂ ಅವನ ಹೆಂಡತಿಯ ಕಂಪ್ಯೂಟರೂ ಹಳೆಯವು, ಹೊಟ್ಟೆ ಚಿಕ್ಕದು. ಈಗಿನ ಆಟಗಳೋ ಒಂದೊಂದೂ ಕುಂಭಕರ್ಣ. ಅದಕ್ಕೆ ಆಟಗಳನ್ನೆಲ್ಲ ಡಬ್ಬಿಯಲ್ಲಿ ತುಂಬಿ, ಅಲ್ಲಿಂದ ಮೇಲಕ್ಕೊಂದು ಕೆಳಕ್ಕೊಂದು ತಂತಿ ಎಳೆದು ಓಡಿಸುವುದೆಂದಾಯಿತು. ಆದರೆ ನಮಗೆ ಬೇಕಾದ ಊರು ಕಟ್ಟುವ ಆಟ ಹಂಚಿಕೊಂಡ ಫೋಲ್ಡರಿನಿಂದ ಓಡಲು ಒಪ್ಪಲಿಲ್ಲ, ಕಂಪ್ಯೂಟರಿನ ಒಳಗಿನ ಡಿಸ್ಕೇ ಬೇಕೆಂದು ಹಟ ಹಿಡಿಯಿತು. ಮೈದುನ ಬಿಡಲಿಲ್ಲ. ಡಬ್ಬಿಯಲ್ಲಿರುವ ಡಿಸ್ಕನ್ನೇ ತನ್ನ ಸ್ವಂತದ್ದೆಂದು ಕಂಪ್ಯೂಟರ್ ನಂಬುವ ಹಾಗೆ ಏನೋ ಮಾಡಿದ. ಆಟ ನೀರು ಕುಡಿದಷ್ಟು ಸುಲಭವಾಗಿ ಓಡಿತು. ಒಂದೇ ಒಂದು ಷರತ್ತು.

"ಅತ್ತಿಗೆ, ಒಬ್ಬರು ಇಳಿದ ಮೇಲೇ ಇನ್ನೊಬ್ಬರು ಹತ್ಬೇಕು," ಅಂದಿದ್ದ. "ಇಬ್ರೂ ಒಟ್ಟಿಗೆ ಹತ್ತಿದ್ರೆ ಎರಡು ಕಂಪ್ಯೂಟರೂ ಇದು ನಂದೊಬ್ಬಂದೇ ಅನ್ಕೊಳ್ತವೆ. ಒಂದು ಬರೆದಿದ್ರ ಮೇಲೆ ಇನ್ನೊಂದು ಬರೀತದೆ. ಆಮೇಲೆ ದೇವರೇ ಬಂದ್ರೂ ಸರಿಹೋಗಲ್ಲ."

ಆಗ ಅದೇನೂ ಕಷ್ಟವಿರಲಿಲ್ಲ. ಇಬ್ಬರೂ ಒಂದೇ ಪರದೆಯ ಮುಂದೆ ಕೂರುತ್ತಿದ್ದೆವು. ನಾನು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಕಟ್ಟಿಸಿಕೊಳ್ಳುವ ಹಲ್ಲುಗಳ ಅಚ್ಚು ತೆಗೆದು, ಮೇಣ ತುಂಬಿ, ಉಜ್ಜುವುದು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವಳು. ಸಂಜೆ ಕೈಯಲ್ಲಿ ಚಹಾ ಹಿಡಿದು ಮೇಲೆ ಬರುತ್ತಿದ್ದಳು. ಮೌಸು ಅವಳ ಕೈಯಲ್ಲಿ, ಬೆರಳು ತೋರಿಸುವುದು ನನ್ನದು. ಬಯಲಿನಲ್ಲಿ ಒಂದು ನದಿ, ನದಿಯ ಪಕ್ಕ ಒಂದು ಬೀದಿ, ಬೀದಿಗೊಂದು ಶಾಲೆ, ಹೀಗೆ ಕಟ್ಟುತ್ತ ಕಟ್ಟುತ್ತ ಅದೊಂದು ದೊಡ್ಡ ಊರೇ ಆಯಿತು. ಅದಕ್ಕೆ ಹೆಸರಿಡಲಿಲ್ಲ. ನಮ್ಮೂರು ಅಂದರೆ ಅದೇ.

ಜಗಳ ಶುರುವಾದದ್ದೂ ಅಲ್ಲಿಂದಲೇ. ನಾನು ಜ್ವರ ಬಂದು ಮಲಗಿದ್ದಾಗ ಅವಳು ಒಬ್ಬಳೇ ಕೂತು ನದಿದಂಡೆಯ ಹಳೇಪೇಟೆಯನ್ನು ನೆಲಸಮ ಮಾಡಿ, ಅದರ ಮೇಲೆ ಅಗಲವಾದ ಹೆದ್ದಾರಿ ಹಾಯಿಸಿದಳು. ಹಳೇಪೇಟೆ ನಾನು ಬೀದಿ ಬೀದಿಯಾಗಿ ಕಟ್ಟಿದ್ದು. ಎದ್ದು ಬಂದು ನೋಡಿದವಳಿಗೆ ಮೈಯೆಲ್ಲ ಉರಿದುಹೋಯಿತು.

"ಕೇಳೋದಕ್ಕೆ ಬಾಯಿರಲಿಲ್ವಾ ನಿನಗೆ?" ಅಂದೆ.

"ಗಾಡಿಗಳು ನಿಂತಲ್ಲೇ ನಿಲ್ತಿದ್ವಲ್ಲ ಅಕ್ಕ. ಅಷ್ಟಕ್ಕೂ ನೀವು ಕಟ್ಟಿದ್ದು ಪೇಟೆ ಎಲ್ಲಿತ್ತು? ಸಾಲಾಗಿ ಹಲ್ಲಿನ ಸೆಟ್ಟು ಜೋಡಿಸಿಟ್ಟ ಹಾಗಿತ್ತು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ನನಗೂ ಗೊತ್ತು. "ದಿನವಿಡೀ ಗಾಜು ತಿಕ್ಕಿದ್ರೆ ಕಣ್ಣು ಬರಲ್ಲ ಕಣೇ," ಅಂದುಬಿಟ್ಟೆ. ಮಾತಿಗೆ ಮಾತು ಬೆಳೆಯಿತು. ಹೆದ್ದಾರಿಯಿಂದ ಹೊರಟ ಜಗಳ ಅಡುಗೆಮನೆಗೆ ಬಂತು, ಯಾರು ಎಷ್ಟು ಪಾತ್ರೆ ತೊಳೆದರು ಎನ್ನುವಲ್ಲಿಗೆ ಬಂತು, ಕೊನೆಗೆ ಅಣ್ಣ ತಮ್ಮಂದಿರು ಹೆದರಿ ಮನೆಯನ್ನು ಮೇಲೆ ಕೆಳಗೆ ಮಾಡಿಕೊಟ್ಟರು. ನಾವು ಜುಟ್ಟು ಜುಟ್ಟು ಹಿಡಿದುಕೊಳ್ಳುವುದೊಂದೇ ಬಾಕಿ.

ಪಾಲಿನ ದಿನ ನನ್ನ ಗಂಡ ಜಾಣತನ ತೋರಿಸಲು ಹೋದರು. "ಊರನ್ನ ಕಾಪಿ ಮಾಡ್ಕೊಳ್ಳಿ. ಇಬ್ರಿಗೂ ಒಂದೊಂದು. ಮುಗೀತಲ್ಲ?"

"ಆಗಲ್ಲ," ಅಂದೆ ನಾನು. ಅದೇ ಕ್ಷಣ ಅವಳೂ ಅದನ್ನೇ ಅಂದಳು. ಆ ದಿನ ನಾವಿಬ್ಬರೂ ಒಪ್ಪಿದ್ದು ಅದೊಂದೇ ಮಾತನ್ನು. ಎರಡಾದರೆ ಯಾವುದು ನಿಜವಾದದ್ದು? ತನ್ನದೇ ನಿಜವೆಂದು ಅವಳು ಕೆಳಗೆ ಕೂತು ಬೀಗಬೇಕೇ? ಕಾಪಿ ಯಾರೂ ಮಾಡಬಾರದು, ಊರು ಒಂದೇ ಇರಬೇಕು, ಡಬ್ಬಿ ಅತ್ತೆಯ ಕೋಣೆಯಲ್ಲಿರಬೇಕು ಎಂದಾಯಿತು.

ನಗುವವರು ನಗಲಿ, ನನಗೆ ಆ ಊರು ಬೇಕಿತ್ತು. ದಿನವಿಡೀ ಯಾರದೋ ಬಾಯಿಗೆ ಹಲ್ಲು ಮಾಡುತ್ತೇನೆ. ಪೊಟ್ಟಣ ಕಟ್ಟಿ ಕಳಿಸಿದರೆ ಮುಗಿಯಿತು, ಅವು ಯಾರ ನಗುವಿನಲ್ಲಿ ಕೂತವೋ ನೋಡಿದವಳಲ್ಲ. ನಾನು ಕಟ್ಟಿ, ಮಾರನೆಯ ದಿನ ನಾನೇ ಹೋಗಿ ನೋಡಬಹುದಾದದ್ದು ಈ ಜನ್ಮದಲ್ಲಿ ಅದೊಂದೇ. ಅದನ್ನು ಅವಳಿಗೆ ಬಿಟ್ಟುಕೊಡುವುದಕ್ಕಿಂತ ಅನ್ನ ಬಿಟ್ಟೇನು.

ಮಾತಿಲ್ಲದವರು ಇಳಿದೆ, ಹತ್ತಿದೆ ಎಂದು ತಿಳಿಸುವುದು ಹೇಗೆ? ಅದಕ್ಕೊಂದು ಹಳದಿ ಬಟ್ಟೆಕ್ಲಿಪ್ಪು. ಮೆಟ್ಟಿಲಿನ ಕಂಬಿಗೆ ಸಿಕ್ಕಿಸಿರುತ್ತಿತ್ತು. ಮೇಲ್ತುದಿಯಲ್ಲಿದ್ದರೆ ಊರಿನಲ್ಲಿ ನಾನಿದ್ದೇನೆ, ಕೆಳತುದಿಯಲ್ಲಿದ್ದರೆ ಅವಳು. ನಡುವೆ ಇದ್ದರೆ ಊರು ಖಾಲಿ. ಯಾರೂ ಅದರಲ್ಲಿ ಮೋಸ ಮಾಡಲಿಲ್ಲ. ಮೋಸವೆಲ್ಲ ಒಳಗೆ. ನಾನು ಆಸ್ಪತ್ರೆ ಕಟ್ಟಿದರೆ ಅವಳು ಅದರ ಪಕ್ಕ ಚರಂಡಿ ನೀರು ಬಿಡುತ್ತಿದ್ದಳು. ನಾನು ಅವಳ ಹೆದ್ದಾರಿಗೆ ಮಾರಿಗೊಂದು ಸಿಗ್ನಲ್ ನೆಟ್ಟೆ, ಗಾಡಿಗಳು ಊರಾಚೆಯ ತನಕ ಸಾಲು ನಿಂತವು. ಅವಳು ನನ್ನ ಶಾಲೆಯ ಗೋಡೆಗೆ ಅಂಟಿಸಿ ಕಸದ ಗುಡ್ಡ ಮಾಡಿದಳು. ಲ್ಯಾಬಿನಲ್ಲಿ ಹಲ್ಲು ಉಜ್ಜುತ್ತ ನಾನು ಯೋಚಿಸುತ್ತಿದ್ದದ್ದು ಅದನ್ನೇ. ಇವತ್ತು ಏನು ಕೆಡವಿಟ್ಟಿದ್ದಾಳೋ, ನಾನು ಏನು ಕೆಡವಲಿ. ಬಾಗಿಲು ತೆಗೆದು ಒಳಗೆ ಬಂದವಳು ಚಪ್ಪಲಿ ಬಿಡುವ ಮೊದಲು ಕಂಬಿ ನೋಡುತ್ತಿದ್ದೆ.

ಇದನ್ನೆಲ್ಲ ಅತ್ತೆ ಮೆಟ್ಟಿಲ ಪಕ್ಕದ ತಮ್ಮ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅವರು ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಆ ಕಡೆಯವರ ತಂತಿ ಈ ಕಡೆಯವರ ತೂತಿಗೆ ಚುಚ್ಚಿ, ಮಾತಾಡಿ ಅನ್ನುವ ಕೆಲಸ. ಬೆಳಗಿನ ಊಟ ಕೆಳಗೆ, ರಾತ್ರಿಯದು ಮೇಲೆ. ಕೆಳಗಿನ ಸುದ್ದಿ ಮೇಲೆ ತರುತ್ತಿರಲಿಲ್ಲ, ಮೇಲಿನದು ಕೆಳಗೆ ಒಯ್ಯುತ್ತಿರಲಿಲ್ಲ. ಅವರ ಬಾಯಿಗೆ ಬೀಗ ಬಿದ್ದದ್ದು ನಮ್ಮಿಂದಲೇ.

ಆ ದಿನ ರಜೆ. ಸಾಮಾನು ತರಲು ಹೋಗಿದ್ದ ನಾನು ಮಧ್ಯಾಹ್ನ ಬಂದು ನೋಡಿದರೆ ಕ್ಲಿಪ್ಪು ನಡುವೆ ಇತ್ತು. ಅತ್ತೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ನಾನು ಕ್ಲಿಪ್ಪನ್ನು ಮೇಲಕ್ಕೆ ಸಿಕ್ಕಿಸಿ, ಮೇಲೆ ಹೋಗಿ, ಡಿಸ್ಕ್ ಜೋಡಿಸಿ ಊರು ತೆರೆದೆ. ಆವತ್ತು ಅವಳ ಹೆದ್ದಾರಿಯನ್ನು ಪೂರ್ತಿ ಕೀಳುವುದೆಂದು ಮೊದಲೇ ನಿರ್ಧರಿಸಿದ್ದೆ. ಒಂದು ತುದಿಯಿಂದ ಕೀಳುತ್ತ ಬಂದೆ. ಹೊಟ್ಟೆ ತಣ್ಣಗಾಗುತ್ತಿತ್ತು. ಕಿತ್ತು ಮುಗಿಸಿ ಸೇವ್ ಒತ್ತಿದೆ. ಪರದೆ ಅಲ್ಲೇ ನಿಂತಿತು. ಮುಚ್ಚಿ ತೆರೆದರೆ ಊರಿನ ಫೈಲು ಇರಬೇಕಾದಲ್ಲಿ ಅರ್ಥವಿಲ್ಲದ ಅಕ್ಷರಗಳು, ಪ್ರಶ್ನೆಚಿಹ್ನೆಗಳು. ಹಳೆಯ ಫೈಲುಗಳೂ ಇಲ್ಲ. ಕೆಳಗೆ ಅವಳ ಕೋಣೆಯಲ್ಲಿ ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಕೇಳಿಸಿತು.

ಮೆಟ್ಟಿಲು ಇಳಿದು ಓಡಿದೆ. ಅವಳೂ ಹೊರಗೆ ಬಂದಳು. ಅತ್ತೆಯ ಬಾಗಿಲ ಮುಂದೆ ಎದುರುಬದುರಾದೆವು.

"ನಾನು ಒಳಗಿದ್ದೆ," ಅಂದಳು ಅವಳು. ಮುಖ ಬಿಳಿಚಿತ್ತು. "ಕ್ಲಿಪ್ಪು ಕೆಳಗೆ ಹಾಕಿದ್ದೆ. ನೋಡದೆ ಹತ್ತಿದ್ರಾ?"

"ನೋಡಿಯೇ ಹತ್ತಿದ್ದು. ನಡುವೆ ಇತ್ತು. ನೀನು ಬೇಕಂತಲೇ ನಡುವೆ ಹಾಕಿ ಒಳಗೆ ಕೂತಿದ್ದೆ."

"ನನ್ನೂರನ್ನ ನಾನೇ ಹಾಳು ಮಾಡ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದ್ಯಾ?"

"ನಿನ್ನೂರಾ? ಯಾವಾಗಿಂದ ನಿನ್ನೂರಾಯ್ತು?"

ಮೈದುನ ಓಡಿಬಂದು ಲ್ಯಾಪ್‌ಟಾಪ್ ತೆರೆದು ಡಬ್ಬಿಯ ಮುಂದೆ ಕೂತ. ಅವನು ಏನೇನೋ ಒತ್ತಿ ನೋಡುತ್ತಿದ್ದಷ್ಟು ಹೊತ್ತೂ ನಾವಿಬ್ಬರೂ ಅವನ ಬೆನ್ನ ಹಿಂದೆ ನಿಂತು ಬೈದುಕೊಂಡೆವು. ಕೊನೆಗೆ ಅವನು ಕನ್ನಡಕ ತೆಗೆದ.

"ಇಬ್ರೂ ಒಟ್ಟಿಗೆ ಹತ್ತಿದ್ದೀರಿ. ಒಬ್ಬರದ್ರ ಮೇಲೆ ಒಬ್ರು ಬರೆದು ಹಾಕಿದ್ದೀರಿ. ಊರು ಹೋಯ್ತು."

"ಡಬ್ಬೀಲಿ ಎರಡು ಡಿಸ್ಕ್ ಇದೆ ಅಂತಿದ್ಯಲ್ಲ," ಅಂದೆ. "ಇನ್ನೊಂದ್ರಲ್ಲಿ ನೋಡು."

"ಅದು ಇದ್ರ ಕನ್ನಡಿ ಅತ್ತಿಗೆ. ಇದ್ರಲ್ಲಿ ಏನು ಬರೆದ್ರೋ ಅದ್ರಲ್ಲೂ ಅದೇ. ಒಂದು ಡಿಸ್ಕ್ ಸುಟ್ಟುಹೋದ್ರೆ ಉಳಿಸ್ಬೋದು, ನಿಮ್ಮಿಂದ ಉಳಿಸೋಕಾಗಲ್ಲ. ಕಾಪಿ ಬೇಡ ಅಂದೋರು ನೀವೇ."

ಆಗ ಅತ್ತೆ ಕುರ್ಚಿಯಿಂದಲೇ ಅಂದರು, "ಕ್ಲಿಪ್ಪು ನಾನೇ ನಡುವೆ ಇಟ್ಟೆ."

ಮೂವರೂ ತಿರುಗಿದೆವು.

"ಇಬ್ರೂ ಒಂದೇ ಹೊತ್ತಿಗೆ ಕನೆಕ್ಟ್ ಆಗ್ಬಾರ್ದು ಅಂತ ಇವನು ಹೇಳ್ತಾನೇ ಇದ್ದ," ಅಂದರು ಅತ್ತೆ. "ಆಗ್ಬಾರ್ದು ಅಂತ ನೀವಿಬ್ರೂ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ರಿ. ಒಬ್ರಿಗೊಬ್ರು ಕಂಡರಾಗದ್ದಕ್ಕೆ ಈ ಕಾವಲು ಅಂದ್ಕೊಂಡೆ. ಎಕ್ಸ್‌ಚೇಂಜಲ್ಲಿ ಎಂಥೆಂಥಾ ಜಗಳದೋರ್ನ ಜೋಡಿಸಿದ್ದೀನಿ. ಎರಡೂ ಕಡೆ ಚುಚ್ಚಿಬಿಟ್ರೆ ಮೊದಲು ಯಾರೂ ಮಾತಾಡಲ್ಲ, ಬರೀ ಉಸಿರು ಕೇಳ್ತದೆ. ಸ್ವಲ್ಪ ಹೊತ್ತು ಬಿಟ್ರೆ ಒಬ್ರು ಹಲೋ ಅಂತಾರೆ." ಅವರು ನನ್ನನ್ನು ನೋಡಿದರು, ಆಮೇಲೆ ಅವಳನ್ನು. "ಒಳಗೆ ಇಬ್ರೂ ಸಿಕ್ಕಿದ್ರಾ?"

ಅವರ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ವಯಸ್ಸಾದವರೆಂದು ಉಗುಳು ನುಂಗಿದೆ.

"ನೀವು ಏನ್ಮಾಡ್ತಿದ್ರಿ ಒಳಗೆ?" ವಾರಗಿತ್ತಿ ಕೇಳಿದಳು. ನೆಲ ನೋಡಿಕೊಂಡೇ ಕೇಳಿದಳು.

"ನಿನ್ನ ಹೆದ್ದಾರಿ ಕೀಳ್ತಿದ್ದೆ. ನೀನು?"

"ನಿಮ್ಮ ಶಾಲೆ."

ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆವು. ಅತ್ತೆ ಮುಂದಕ್ಕೆ ಬಾಗಿ ಕಿವಿಗೊಟ್ಟು ಕೂತಿದ್ದರು, ಇನ್ನೂ ಏನೋ ಬರುತ್ತದೆ ಎನ್ನುವಂತೆ. ಏನೂ ಬರಲಿಲ್ಲ.

ಮೈದುನ ಗಂಟಲು ಸರಿಮಾಡಿಕೊಂಡ. "ಈಗ ಇದನ್ನ ಅಳಿಸಿ ಹೊಸದಾಗಿ ಮಾಡ್ಬೇಕು. ಹೇಗೂ ಊರಿಲ್ಲ. ಬೇಕಾದ್ರೆ ಜಾಗಾನ ಎರಡು ಮಾಡ್ತೀನಿ. ಮೇಲಕ್ಕೊಂದು, ಕೆಳಕ್ಕೊಂದು. ಒಬ್ಬರದು ಒಬ್ಬರಿಗೆ ಕಾಣೋದೂ ಇಲ್ಲ, ಕಾಯೋದೂ ಬೇಡ. ಏನ್ಮಾಡ್ಲಿ?"

ಒಂದೇ ಇರಲಿ ಎನ್ನಲು ಎರಡು ಮಾತು ಸಾಕಿತ್ತು. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಅವಳು ಸೆರಗಿನ ತುದಿ ಸುರುಳಿ ಸುತ್ತುತ್ತ ನಿಂತಿದ್ದಳು. ಅವಳು ಮೊದಲು ಅನ್ನಲಿ ಎಂದು ನಾನು ಕಾದೆ. ಹಿರಿಯಳು ನಾನು, ಅವಳು ನನಗಾಗಿ ಕಾದಿದ್ದಳೋ ಏನೋ. ಕಾದಷ್ಟೂ ಸಿಟ್ಟೇ ಮೇಲೆ ಬಂತು.

"ಎರಡು ಮಾಡು," ಅಂದೆ.

"ಹೂಂ, ಎರಡೇ ಮಾಡಿ," ಅಂದಳು ಅವಳು, ನನ್ನ ಮಾತು ಮುಗಿಯುವ ಮೊದಲೇ.

ಅತ್ತೆ ಕುರ್ಚಿಯನ್ನು ಒಳಕ್ಕೆ ಎಳೆದುಕೊಂಡು ಕೋಣೆಯ ಬಾಗಿಲು ಮುಂದೆ ಮಾಡಿದರು.

ಸಂಜೆಗೆ ನನ್ನ ಪಾಲು ಸಿದ್ಧವಾಯಿತು. ತೆರೆದರೆ ಬಯಲು, ನದಿ, ಉದ್ದಕ್ಕೂ ಹಸಿರು. ಇಷ್ಟಗಲ ಜಾಗ ಪೂರ್ತಿ ನನ್ನದು. ಹಟಕ್ಕೆ ಬಿದ್ದು ನದಿಯ ತಿರುವಿನಲ್ಲಿ ಒಂದು ಮಾರುಕಟ್ಟೆ ಕಟ್ಟಿದೆ. ಸುತ್ತ ಮರ ನೆಟ್ಟೆ, ದೀಪ ಹಾಕಿದೆ. ಚೆನ್ನಾಗಿಯೇ ಬಂತು. ನೋಡಿಕೊಂಡು ಮಲಗಿದೆ.

ಮಾರನೆಯ ದಿನ ಲ್ಯಾಬಿನಲ್ಲಿ ಕೈ ಕೆಲಸ ಮಾಡುತ್ತಿತ್ತು, ತಲೆಗೆ ಯೋಚಿಸಲು ಏನೂ ಇರಲಿಲ್ಲ. ಮನೆಗೆ ಬಂದು ಕೈಯ ಪ್ಲಾಸ್ಟರ್ ಪುಡಿಯನ್ನೂ ತೊಳೆಯದೆ ಊರು ತೆರೆದೆ. ಮಾರುಕಟ್ಟೆ ಇಟ್ಟ ಜಾಗದಲ್ಲೇ ಇತ್ತು. ಒಂದು ಮರ ಕದಲಿರಲಿಲ್ಲ, ಒಂದು ದೀಪ ಆರಿರಲಿಲ್ಲ. ಪಕ್ಕದಲ್ಲಿ ಯಾರೂ ಕಸ ಸುರಿದಿರಲಿಲ್ಲ. ಇನ್ನು ಸುರಿಯುವುದೂ ಇಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತ ಕೂತೆ. ಆಮೇಲೆ ತಡೆಯಲಾರದೆ ನಾನೇ ಅದನ್ನು ಕೆಡವಿದೆ.